ಹೆಸರಿಗೆ ಬಿಟ್ಟ ಜಾಗ

ಕಥೆಗಳ ಕೊನೆಯಲ್ಲಿದ್ದ ಹೆಸರನ್ನು ಬರೆದದ್ದು ಒಂದು ಮಗು ಎಂದು ಬಿಂದುಶ್ರೀಗೆ ಗೊತ್ತಾಗಿ ಮೂರು ದಿನವಾಗಿತ್ತು.

ಕೆಲಸ ಒಪ್ಪಿಕೊಂಡಾಗ ಇಂಥದ್ದೇನೂ ಇರಲಿಲ್ಲ. ತರಕಾರಿ ಮಂಡಿಯ ನಂದಕುಮಾರ್ ತನ್ನ ತಾತ ಮುನಿನಾರಾಯಣಪ್ಪನ ಹನ್ನೆರಡು ವಿಜ್ಞಾನ ಕಥೆಗಳನ್ನು ಪುಸ್ತಕ ಮಾಡಿಸುತ್ತಿದ್ದ. ಎಪ್ಪತ್ತು ವರ್ಷದ ಹಿಂದೆ ಅವೆನ್ಯೂ ರಸ್ತೆಯ ಒಂದು ಮಾಸಪತ್ರಿಕೆಯಲ್ಲಿ ಬಂದಿದ್ದ ಕಥೆಗಳು. ಎಂ.ಎ. ಓದುತ್ತಿದ್ದ ಬಿಂದುಶ್ರೀ ಅವನ್ನು ಟೈಪ್ ಮಾಡಿ, ಕರಡು ತಿದ್ದಿ, ಮುನ್ನುಡಿಯನ್ನೂ ಬರೆದುಕೊಡಬೇಕು. ಮುನ್ನುಡಿಯ ಕೆಳಗೆ ನಂದಕುಮಾರನ ಹೆಸರು ಇರುತ್ತದೆ. ಅದಕ್ಕೂ ಅವಳು ಹೂಂ ಅಂದಿದ್ದಳು.

ಆಮೇಲೆ ಚಾಮರಾಜಪೇಟೆಯ ಅವನ ಮನೆಯ ಅಟ್ಟದಿಂದ ಟ್ರಂಕು ಇಳಿಯಿತು. ಅಚ್ಚಾದ ಮೇಲೆ ಪತ್ರಿಕೆಯವರು ವಾಪಸ್ ಕಳಿಸಿದ್ದ ಹಸ್ತಪ್ರತಿಗಳೆಲ್ಲ ಅದರಲ್ಲಿದ್ದವು. ಕಥೆ ನೀಲಿ ಶಾಯಿಯಲ್ಲಿತ್ತು, ಅವಸರದ ಓರೆ ಅಕ್ಷರ. ಕೊನೆಯಲ್ಲಿ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಮೇಲೆ ನೇರಳೆ ಶಾಯಿಯಲ್ಲಿ ಶಾಲೆಯ ಮಕ್ಕಳ ಹಾಗೆ ಗುಂಡಗೆ ತಿದ್ದಿದ ಹೆಸರು: ಮುನಿನಾರಾಯಣಪ್ಪ. ಹನ್ನೆರಡರಲ್ಲೂ ಹಾಗೇ. ಟ್ರಂಕಿನ ತಳದಲ್ಲಿ ಮಾರ್ಕೆಟ್ ಅಂಗಡಿಯ ಬಾಡಿಗೆ ಕರಾರಿತ್ತು. ಅದರಲ್ಲಿ ಮುನಿನಾರಾಯಣಪ್ಪ ಹೆಬ್ಬೆಟ್ಟು ಒತ್ತಿದ್ದರು.

ಐದನೆಯ ಕಥೆ ಅವಳ ಬೆನ್ನು ಬಿಟ್ಟಿರಲಿಲ್ಲ. ಗೋಡೆ ಹೀರಿಕೊಂಡ ಮಾತುಗಳನ್ನು ಮತ್ತೆ ಕೇಳಿಸುವ ಒಂದು ಯಂತ್ರದ ಕಥೆ ಅದು. ಹಜಾರದ ಗೋಡೆ ಗಂಡಸರ ಜಗಳ, ನಗು, ಮಂತ್ರ ಎಲ್ಲವನ್ನೂ ಒಪ್ಪಿಸುತ್ತದೆ. ಅಡುಗೆಮನೆಯ ಗೋಡೆಯಿಂದ ಬರುವುದು ರುಬ್ಬುವ ಗುಂಡಿನ ಸದ್ದು, ನಡುನಡುವೆ ಏನೋ ಹೇಳಲು ಎಳೆದುಕೊಂಡು ಹೇಳದೆ ಬಿಟ್ಟ ಉಸಿರು. ಬೆಳಿಗ್ಗೆ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಹಲ್ಲುಜ್ಜುತ್ತ ನಿಂತಾಗಲೂ ಬಿಂದುಶ್ರೀಗೆ ಆ ಉಸಿರು ಕೇಳಿಸಿತ್ತು.

ಈಗ ಮಧ್ಯಾಹ್ನ ಮೂರು ಗಂಟೆ. ನಾಲ್ಕಕ್ಕೆ ಮುಖಪುಟ ಪ್ರೆಸ್ಸಿಗೆ ಹೋಗಬೇಕು. ಬಿಂದುಶ್ರೀ ಬಾಡಿಗೆ ಕರಾರನ್ನು ನಂದಕುಮಾರನ ಮನೆಯ ಮೇಜಿನ ಮೇಲಿಟ್ಟಳು.

"ಹೆಬ್ಬೆಟ್ಟಾ? ಇರ್ಲಿ ಬಿಡಮ್ಮ," ಎಂದ ನಂದಕುಮಾರ್. "ತಾತ ಬಾಯಲ್ಲಿ ಹೇಳೋರು, ಅಜ್ಜಿ ಬರ್ಕೊಳ್ಳೋಳು. ತಲೆ ಯಾರ್ದೋ ಅವ್ರದ್ದೇ ಕತೆ, ಅಲ್ವಾ?"

"ಹಂಗಂತ ಯಾರು ಹೇಳಿದ್ರು ಸರ್?"

"ಯಾರು ಹೇಳ್ಬೇಕು? ಬುಕ್ ರಿಲೀಸ್ ಇನ್ವಿಟೇಷನ್ ಹಂಚಾಗಿದೆ. ಫ್ಲೆಕ್ಸ್ ಕಟ್ಟಾಗಿದೆ. ಅದ್ರಲ್ಲಿ ತಾತನ ಪೇಟ ನೋಡಿದ್ಯಾ, ಏನ್ ಕಳೆ!"

"ಪೇಟ ಕತೆ ಬರೆಯಲ್ಲ ಕಣೋ."

ಹೇಳಿದ್ದು ಕಿಟಕಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದ ಪ್ರೇಮಲತಾ. ನಂದಕುಮಾರನ ಸೋದರತ್ತೆ, ಮುನಿನಾರಾಯಣಪ್ಪನ ಮಗಳು, ಎಪ್ಪತ್ತೆಂಟು ವರ್ಷ. ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ.

"ಆ ನೇರಳೆ ಅಕ್ಷರ ನಂದು," ಎಂದರು.

ನಂದಕುಮಾರ್ ಫೋನು ಕೆಳಗಿಟ್ಟ.

"ಅಂಗಡೀಲಿ ಸೊಪ್ಪು ಕಟ್ಟೋಕೆ ರದ್ದಿ ತರ್ತಿದ್ರಲ್ಲ, ನಮ್ಮಮ್ಮ ಅದ್ನೆಲ್ಲ ಓದೋಳು. ನಕ್ಷತ್ರ, ರಾಕೆಟ್ಟು, ಏನ್ ಸಿಕ್ಕಿದ್ರೆ ಅದು. ಆಮೇಲೆ ನನ್ ಸ್ಕೂಲ್ ನೋಟ್‌ಬುಕ್ಕಿಂದ ಹಾಳೆ ಕಿತ್ಕೊಂಡು ಬರೆಯೋಳು. ಮೊದಲ್ನೇದು ಬರೆದಾಗ ನಂಗೆ ಒಂಬತ್ತು ವರ್ಷ. ಕೊಟ್ಟು ಬಾ ಅಂತ ಕಳ್ಸಿದ್ಲು. ಮಹಡಿ ಮೇಲೆ ಪತ್ರಿಕೆ ಆಫೀಸು. ಗುಮಾಸ್ತ ನೋಡಿ, ಹೆಸ್ರೇ ಇಲ್ವಲ್ಲ, ಬರೆದೋರು ಯಾರು ಅಂದ. ನಮ್ಮಮ್ಮ ಅಂದೆ. ಆಫೀಸೆಲ್ಲ ನಕ್ಬಿಡ್ತು. ಅಪ್ಪನ ಹೆಸ್ರು ಬರಿ ಪುಟ್ಟಿ ಅಂತ ದೌತಿ ಮುಂದಕ್ಕೆ ತಳ್ಳಿದ. ಬರೆದೆ. ಸ್ಕೂಲಲ್ಲಿ ನಂದೇ ಒಳ್ಳೇ ಅಕ್ಷರ."

"ಅಮ್ಮ ಬೈದ್ರಾ?" ಎಂದಳು ಬಿಂದುಶ್ರೀ.

"ಇಲ್ಲ. ಪತ್ರಿಕೆ ಬಂದ್ಮೇಲೆ ಕತೇನ ನಮ್ಗೆಲ್ಲ ಓದಿ ಹೇಳಿದ್ಲು. ಕೊನೇಲಿ ಹೆಸ್ರು ಬಂತಲ್ಲ, ಅಲ್ಲಿ ನಿಲ್ಲಿಸ್ಬಿಟ್ಲು. ಗಂಡನ ಹೆಸ್ರು ಬಾಯಲ್ಲಿ ಹೇಳೋ ಹಂಗಿಲ್ವಲ್ಲ. ತಾನೇ ಬರೆದ ಕತೆ, ಯಾರ್ದು ಅಂತ ಓದೋಕಾಗ್ಲಿಲ್ಲ ಅವ್ಳಿಗೆ."

ನಂದಕುಮಾರ್ ಏನೋ ಹೇಳಲು ಹೋದ. ಪ್ರೇಮಲತಾ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಆಮೇಲಿನ ಹನ್ನೊಂದರಲ್ಲೂ ಜಾಗ ಬಿಟ್ಟೇ ಕೊಟ್ಲು. ಪ್ರತಿ ಸಲ ಹಾಳೆ ಕೊಟ್ಟು ನನ್ ಮುಖ ನೋಡ್ತಾ ನಿಲ್ಲೋಳು. ಬೇಗ ಬರೀಲಿ ಅಂತಾನೇ ಅಂದ್ಕೊಂಡಿದ್ದೆ. ಈ ಸಲ ಬೇರೆ ಹೆಸ್ರು ಬರೀತಾಳೇನೋ ಅಂತ ನೋಡ್ತಿದ್ಲು ಅನ್ನೋದು ನಂಗೆ ಹೊಳೆದಿದ್ದು ಅವ್ಳು ಸತ್ತು ಹತ್ತು ವರ್ಷ ಆದ್ಮೇಲೆ. ಹನ್ನೆರಡಾದ್ಮೇಲೆ ಬರೆಯೋದೇ ಬಿಟ್ಲು."

ಬಿಂದುಶ್ರೀ ಮುಖಪುಟದ ಕರಡಿನಲ್ಲಿದ್ದ ಹೆಸರನ್ನು ಹೊಡೆದುಹಾಕಿ, ಪೆನ್ನಿನ ಜೊತೆ ಮುದುಕಿಯ ಮುಂದಿಟ್ಟಳು. ಎದುರಿಗೆ ನಿಂತು ಅವರ ಮುಖ ನೋಡಿದಳು. ತಾನೂ ಆ ಅಮ್ಮನ ಹಾಗೆಯೇ ಹೆಸರಿಗೆ ಕಾಯುತ್ತ ನಿಂತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಪಕ್ಕಕ್ಕೆ ಸರಿದಳು.

"ಅತ್ತೆ, ಜನ ಏನಂತಾರೆ? ಮೊನ್ನೆವರ್ಗೂ ತಾತ ಅಂದು ಇವತ್ತು..."

"ಸ್ಕೇಲ್ ಕೊಡೋ," ಎಂದರು ಪ್ರೇಮಲತಾ. ಗೆರೆ ಎಳೆದು ಬರೆದರು. ಅಕ್ಷರ ಇನ್ನೂ ಗುಂಡಗೇ ಇತ್ತು.

ಬಿಂದುಶ್ರೀ ಅದರ ಫೋಟೋ ತೆಗೆದು ಪ್ರೆಸ್ಸಿಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಫೋನು ಬಂತು. ಅವಳು ಸ್ಪೀಕರ್‌ಗೆ ಹಾಕಿದಳು.

"ಮೇಡಂ, ಇದೇನೋ ತಪ್ಪಾಗಿದೆ. ಒಳಗಡೆ ಎಲ್ಲ ಮುನಿನಾರಾಯಣಪ್ಪ ಅಂತಿದೆ. ಬರೆದೋರು ಯಾರು?"

ಬಿಂದುಶ್ರೀ ಫೋನನ್ನು ಕಿಟಕಿಯ ಕಡೆ ಹಿಡಿದಳು.

ಪ್ರೇಮಲತಾ ಉಸಿರು ಎಳೆದುಕೊಂಡರು. ಆ ಸದ್ದು ಬಿಂದುಶ್ರೀಗೆ ಮೂರು ದಿನದಿಂದ ಪರಿಚಯವಿತ್ತು. ಅಲ್ಲಿಗೇ ನಿಂತುಬಿಡುತ್ತದೇನೋ ಎಂದು ಅವಳು ಹೆದರಿದಳು.

"ನಮ್ಮಮ್ಮ," ಎಂದರು ಪ್ರೇಮಲತಾ.

ಆ ಕಡೆಯವನು ನಗಲಿಲ್ಲ. "ಹೆಸ್ರು ಒಂದ್ಸಲ ಬಾಯಲ್ಲೂ ಹೇಳಿ ಅಮ್ಮ, ಫೋಟೋದಲ್ಲಿರೋದು ಸರಿಯಾಗಿ ಓದಿದ್ದೀನಾ ನೋಡ್ಕೊಂಡು ಒಳಗಡೆನೂ ಬದಲಾಯಿಸ್ತೀನಿ."

"ಲಕ್ಕಮ್ಮ."

ನಂದಕುಮಾರ್ ಎದ್ದು ಹೊರಗೆ ಹೋದ. ಫ್ಲೆಕ್ಸ್ ಬಿಚ್ಚಿಸಲು ಹೋದನೋ, ಹೆಸರು ಬದಲಿಸದಂತೆ ತಡೆಯಲು ಪ್ರೆಸ್ಸಿಗೇ ಹೋದನೋ ತಿಳಿಯಲಿಲ್ಲ. ಬಿಂದುಶ್ರೀ ಚೀಲ ಹೆಗಲಿಗೇರಿಸಿ ಅವನಿಗಿಂತ ಮೊದಲು ಪ್ರೆಸ್ಸು ಮುಟ್ಟಲು ಓಡಿದಳು. ಹಿಂದೆ ಮನೆಯೊಳಗೆ ಪ್ರೇಮಲತಾ ಅದೇ ಹೆಸರನ್ನು ಗೋಡೆಗೆ ಕೇಳಿಸುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಿದ್ದರು.