ಮೂಲಿ ಬಿಡಬ್ಯಾಡ

ಪಡಸಾಲೆಯಲ್ಲಿ ಕೊಟ್ರಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಬಳಿಯುತ್ತಿದ್ದರೆ, ಒಳಕೋಣೆಯಲ್ಲಿ ಸೊಸೆ ಸುಮಲತಾ ಶೇಂಗಾ ಚೀಲದೊಳಗೆ ಮೊಣಕೈತನಕ ಕೈ ತುರುಕಿ ಒಣಗಿದ ಬೇವಿನೆಲೆ ಬಾಚಿ ಬಾಚಿ ತೆಗೆಯುತ್ತಿದ್ದಳು.

"ಏನ್ ಮಾಡಾಕ ಹತ್ತೀಯವ್ವಾ?" ಬಾಗಿಲಲ್ಲಿ ಗಂಡನ ಅಕ್ಕ ಗಂಗಾಂಬಿಕಾ. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಅವ್ವ ಅಲ್ಲಿ ಹೊಂಟು ಕುಂತಾಳ, ನೀನಿಲ್ಲಿ ಚೀಲ ಕೆದರತಿ?"

"ಎಲಿ ತಗೀತೀನಿ ಅಕ್ಕಾ."

"ಎಲಿ ತಗದ್ರ ಹುಳ ಬೀಳತಾವ. ಬಿತ್ತಾಕ ಏನ್ ಮಾಡ್ತೀರಿ?"

"ಬೀಳ್ಲಿ ಬಿಡು."

ಕೊಟ್ರಮ್ಮ ಕೇಳಿಸಿಕೊಂಡಿದ್ದರೆ ಕುಂತಲ್ಲಿಂದಲೇ ಎದ್ದು ಬರುತ್ತಿದ್ದಳು. ಆ ಮನೆಯಲ್ಲಿ ಮಗನ ಮದುವೆ ಬೇಕಾದರೆ ಮುಂದಕ್ಕೆ ಹೋಗಲಿ, ಶೇಂಗಾ ಒಣಗಿಸೋದು ಹೋಗುವಂತಿರಲಿಲ್ಲ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಬಿಸಿಲಿಂದ ತಂದದ್ದನ್ನು ಬಿಸಿಬಿಸಿ ತುಂಬಕೂಡದು, ಚೀಲ ಬೆವರುತ್ತೆ. ಒಡೆದ ಕಾಯಿ ಒಂದೂ ಒಳಗೆ ಹೋಗಕೂಡದು. ಬುಡಕ್ಕೆ ಜರಡಿ ಹಿಡಿದ ಬೂದಿ, ನಡುನಡುವೆ ನೆರಳಲ್ಲಿ ಒಣಗಿಸಿದ ಬೇವು. ಮನೆಗೆ ಗ್ಯಾಸ್ ಬಂದರೂ ನೀರೊಲೆಗೆ ಕಟ್ಟಿಗೆ ತಪ್ಪಲಿಲ್ಲ, ಬೂದಿ ಬೇಕಲ್ಲ!

ಟೀವಿಯಲ್ಲಿ ಸಿನಿಮಾ ನೋಡಿ ನೋಡಿ ಹುಳಗಳಿಗೂ ಡೈಲಾಗ್ ಹೊಡೆಯುತ್ತಿದ್ದಳು. "ಏ, ಬಂದಿದ್ದು ನಿನ್ನ ಇಷ್ಟ. ಹೋಗೋದು ಈ ಕೊಟ್ರಮ್ಮನ ಇಷ್ಟ!" ಹೆಬ್ಬೆರಳಲ್ಲಿ ಹೊಸಕಿ, ಬೆರಳು ಸೀರೆಗೆ ಒರೆಸಿ, ಮಗನ ಕಡೆ ತಿರುಗುವಳು. "ಮೂಲಿ ಬಿಡಬ್ಯಾಡಲೇ ಬಸ್ಯಾ. ಹುಳ ಮೂಲ್ಯಾಗ ಸಂಸಾರ ಹೂಡತಾವ." ಬಸ್ಯಾ ಅಂದರೆ ಸುಮಲತಾಳ ಗಂಡ ಗುರುಬಸವರಾಜ. ಮೀಸೆ ಬಂದ ಮೇಲೂ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೀಲದ ಎರಡೂ ಮೂಲೆಗೆ ಬೆರಳತುದಿಯಿಂದ ಬೂದಿ ಒತ್ತುತ್ತಿದ್ದ.

*

ಹೋದ ತಿಂಗಳು ದಾವಣಗೆರೆಯ ಡಾಕ್ಟರು ಕೊಟ್ರಮ್ಮನ ಹೊಟ್ಟೆ ಕೊಯ್ದು, ಒಳಗೆ ನೋಡಿ, ಹಾಗೇ ಹೊಲಿದು ಮನೆಗೆ ಕಳಿಸಿದ್ದರು.

"ಸುಮಾ, ಇಲ್ಲಿ ನೋಡು."

ಅತ್ತೆಯ ಅಂಗೈಯಲ್ಲಿ ಒಂದು ಶೇಂಗಾ ಕಾಯಿ. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ತೂತು. ಹಿಚುಕಿದರೆ ಒಳಗೆ ಬರೀ ಹಿಟ್ಟು, ಹಿಟ್ಟಲ್ಲೊಂದು ಬಿಳಿ ಹುಳ ಹೊರಳುತ್ತಿತ್ತು. ಈ ಸಲ ಡೈಲಾಗ್ ಬರಲಿಲ್ಲ.

"ನನ್ನ ಮಣ್ಣಾಗ ಇಡಬ್ಯಾಡ್ರಿ. ಸುಟ್ಟುಬಿಡ್ರಿ."

"ಅತ್ತೀ, ನಮ್ಮ ಮಂದ್ಯಾಗ ಯಾರನ್ನ ಸುಟ್ಟಾರ?"

"ಜೀವ ಇರೋತನಕ ಇವನ್ನ ಕೊಂದೀನಿ. ಕಡೀಕ ಇವಕ್ಕ ನಾನ ಊಟ ಆಗ್ಲೇನು? ಭಾಷಿ ಕೊಡು."

ಸುಮಲತಾ ಕೈಮೇಲೆ ಕೈ ಇಟ್ಟಳು. ಅತ್ತೆ ಹಿಡಿದ ಕೈ ಬಿಡಲಿಲ್ಲ. ನಿದ್ದೆ ಹತ್ತಿದ ಮೇಲೆ ಬೆರಳು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

*

ಅತ್ತೆ ತೀರಿಕೊಂಡ ಈ ಬೆಳಗ್ಗೆ ಸುಮಲತಾ ಅದನ್ನು ನಾಲ್ಕು ಮಂದಿಯ ಮುಂದೆ ಹೇಳಿದ್ದಳು. ಕೊಟ್ರಮ್ಮನ ಮೈದುನ ಗುರುಸಂಗಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದ.

"ಲಿಂಗ ಕಟ್ಟಿದ ದೇಹನ ಬೆಂಕಿಗೆ ಹಾಕು ಅಂತೀಯಲ್ಲವ್ವಾ! ಹೊಸಾ ಪಿಚ್ಚರ್ ತಗದಿ ಬಿಡು."

ಇಬ್ಬರು ಮೂವರು ನಕ್ಕರು. ಸುಮಲತಾ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತ, "ಕಾಕ ಹೇಳಿದಂಗ ಆಗ್ಲಿ" ಅಂದ. ಆಮೇಲೆ ಅವಳು ಅವನ ಕಡೆ ತಿರುಗಿ ನೋಡಲಿಲ್ಲ.

*

ಹೊಸಹಳ್ಳಿ ದಾರಿಯ ಹೊಲದಲ್ಲಿ ಕುಣಿ ತೋಡಿತ್ತು. ಗುರುಬಸವರಾಜ ಕೆಳಗಿಳಿದು, ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅವ್ವನನ್ನು ಕೂರಿಸಿದ. ಬದುಕಿದ್ದಾಗ ಒಂದು ಕ್ಷಣ ಕೂತವಳಲ್ಲ, ಈಗ ಹೇಳಿದಂತೆ ಕೂತಳು.

"ಪತ್ರಿ ಕೊಡ್ರಿ, ಉಪ್ಪು, ವಿಭೂತಿ" ಅಂದರು ಅಯ್ನೋರು.

ಸುಮಲತಾ ಮುಂದೆ ಬಂದು ಒಂದು ಗಂಟು, ಒಂದು ಡಬ್ಬಿ ಚಾಚಿದಳು. ಗುರುಸಂಗಪ್ಪ ಗಂಟು ಬಿಚ್ಚಿ ನೋಡಿದ.

"ಏ, ಇದು ಬೇವು! ಶೇಂಗಾ ಚೀಲದ ಕಸ, ನೀರೊಲಿ ಬೂದಿ! ನಿನಗ ತಲಿ ನೆಟ್ಟಗ ಐತೇನು?" ಅಂತ ಗಂಟಿಗೆ ಕೈ ಹಾಕಿ ಎಳೆದ.

ಸುಮಲತಾ ಬಿಡಲಿಲ್ಲ. "ಸುಡಾಕ ಬಿಡ್ಲಿಲ್ಲ ನೀವು. ಇದನ್ನರ ಬಿಡ್ರಿ ಮಾವಾ. ಭಾಷಿ ಕೊಟ್ಟೀನಿ."

ಭಜನೆಯವರ ತಾಳ ನಿಂತಿತು. ಕುಣಿಯೊಳಗಿಂದ ಒಂದು ಕೈ ಮೇಲೆ ಬಂತು. ಕೆಂಪು ಮಣ್ಣು ಮೆತ್ತಿದ ಕೈ.

"ಕೊಡು."

"ಲೇ ಬಸ್ಯಾ!"

"ಕಾಕಾ, ಸುಮ್ಕಿರು."

ಅಯ್ನೋರು ಬಾಯಲ್ಲಿದ್ದ ಮಂತ್ರವನ್ನು ಅಲ್ಲಿಗೇ ನಿಲ್ಲಿಸಿ, ಆಮೇಲೆ ಏನೂ ನೋಡದವರಂತೆ ಮುಂದುವರಿಸಿದರು. ಗುರುಬಸವರಾಜ ಪತ್ರಿಯ ಜೊತೆಗೇ ಬೇವು ಹರಡಿದ. ಉಪ್ಪು, ವಿಭೂತಿ, ಅದರ ಮೇಲೆ ಡಬ್ಬಿಯ ಬೂದಿ. ಅವ್ವನ ಮೊಣಕಾಲು ಮುಚ್ಚಿತು.

"ಸಾಕು, ಮ್ಯಾಲ ಬಾ. ಮಣ್ಣು ಎಳೀಬೇಕು" ಎಂದು ಗುರುಸಂಗಪ್ಪ ಕೈ ಚಾಚಿದ.

ಗುರುಬಸವರಾಜ ಆ ಕೈ ಹಿಡಿಯಲು ಎದ್ದವನು ಗೂಡಿನ ಕಡೆ ಇನ್ನೊಮ್ಮೆ ನೋಡಿದ. ಹಿಡಿಯಲಿಲ್ಲ. ಮತ್ತೆ ಕುಕ್ಕರಗಾಲಲ್ಲಿ ಕೂತ. ಡಬ್ಬಿಯ ತಳದಲ್ಲಿ ಉಳಿದ ಬೂದಿ ಬಾಚಿಕೊಂಡು, ಅವ್ವನ ಬೆನ್ನ ಹಿಂದೆ ಕೈ ತೂರಿಸಿ, ಗೂಡಿನ ಎಡಮೂಲೆಗೆ ಬೆರಳತುದಿಯಿಂದ ಒತ್ತಿದ. ಆಮೇಲೆ ಅವಳ ಮಡಿಲ ಮೇಲೆ ಬಾಗಿ, ಬಲಮೂಲೆಗೆ.