ಬಂಗುಡೆಯ ಮುಳ್ಳು

ಹಲ್ಲಿನ ಡಾಕ್ಟರಮ್ಮನ ಬೆರಳು ಗಂಟಲಿನ ಹಿಂದಿನ ಆ ಜಾಗಕ್ಕೆ ತಗುಲಿದ್ದೇ ತಡ, ನೀಲಾವತಿ ಕುರ್ಚಿಯಿಂದ ಅರ್ಧ ಎದ್ದು ಕೂಗಿಬಿಟ್ಟರು. ಬೆರಳು ಹೊರಗೆ ಬಂದ ಮೇಲೆ ಮಾತು ಹೊರಟಿತು. "ಅದೇ! ಅಲ್ಲೇ ಇರುವುದು! ಇಷ್ಟು ಜನ ನೋಡಿದರಲ್ಲ, ಒಬ್ಬರಿಗಾದರೂ ಸಿಕ್ಕಿತಾ?"

ಮೂಲೆಯ ಸ್ಟೂಲಿನಲ್ಲಿ ಅತ್ತೆಯ ಕೊರಳಪಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಶ್ರೇಯಾ ಥಟ್ಟನೆ ತಲೆ ಎತ್ತಿದಳು. ಹಾಗಾದರೆ ಅಲ್ಲಿ ಏನೋ ಇದೆ. ಏನೂ ಇಲ್ಲ ಎಂದು ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳಿ ಅತ್ತೆಯನ್ನು ಒಪ್ಪಿಸಲಿ ಎಂದು ಅವಳು ಮೂರು ವರ್ಷದಿಂದ ಆಸ್ಪತ್ರೆಗಳ ಮೆಟ್ಟಿಲು ಹತ್ತಿದ್ದಳು.

ಶುರುವಾದದ್ದು ಮದುವೆಯಾದ ಹೊಸತರಲ್ಲಿ. ಮುಂಬೈಯಲ್ಲೇ ಹುಟ್ಟಿ, ಹಿಂದಿಯಲ್ಲೇ ಬೆಳೆದ ಶ್ರೇಯಾ, ಅಮ್ಮನಿಗೆ ಫೋನು ಹಚ್ಚಿ ಕೇಳಿ ಕೇಳಿ, ಗಂಡನ ಮನೆಯಲ್ಲಿ ಮೊದಲ ಸಲ ಬಂಗುಡೆ ಮೀನಿನ ಸಾರು ಮಾಡಿದ್ದಳು. ನೀಲಾವತಿ ಎರಡನೇ ತುತ್ತಿಗೆ ಗಂಟಲು ಹಿಡಿದುಕೊಂಡರು. ಬರಿ ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ನುಂಗಿಸಿದರು, ಊರಿಂದ ಮಂತ್ರಿಸಿದ ನೀರೂ ಬಸ್ಸಿನಲ್ಲಿ ಬಂತು. ಮುಳ್ಳು ಮಾತ್ರ ಹೋಗಲಿಲ್ಲ. ನುಂಗಿದರೆ ಚುಚ್ಚುತ್ತಿತ್ತು, ನೋವು ಕಿವಿಗೆ ಹತ್ತುತ್ತಿತ್ತು. ಬರಬರುತ್ತಾ ಕುತ್ತಿಗೆ ಎಡಕ್ಕೆ ತಿರುಗುವುದನ್ನೇ ಬಿಟ್ಟಿತು. ಈಗ ಯಾರಾದರೂ ಎಡಗಡೆಯಿಂದ ಕರೆದರೆ ನೀಲಾವತಿ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು.

ಒಬ್ಬ ಡಾಕ್ಟರು ಟಾರ್ಚು ಬಿಟ್ಟು ನೋಡಿದ, ಇನ್ನೊಬ್ಬ ಕ್ಯಾಮೆರಾದ ನಳಿಗೆ ಇಳಿಸಿ ನೋಡಿದ. ಏನೂ ಇಲ್ಲ ಎಂದರು. "ಅವನ ಕ್ಯಾಮೆರಾಕ್ಕೆ ಕಣ್ಣು ಉಂಟಾ?" ಎಂದರು ನೀಲಾವತಿ. ಮೂಳೆ ಡಾಕ್ಟರು ಕುತ್ತಿಗೆ ಸವೆದಿದೆ ಎಂದು ಪಟ್ಟಿ ಕಟ್ಟಿಸಿದ. ಮತ್ತೊಬ್ಬ ಮನಸ್ಸಿಗೆ ಮಾತ್ರೆ ಬರೆದುಕೊಟ್ಟ. ಅವತ್ತು ನೀಲಾವತಿ ರಿಕ್ಷಾದಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದರು. ಅವರ ನೋವು ಸುಳ್ಳಲ್ಲ ಎಂದು ಶ್ರೇಯಾಳಿಗೂ ಗೊತ್ತಿತ್ತು. ಸಂಕಟವೆಂದರೆ, ಆ ನೋವು ನಿಜವಾದಷ್ಟೂ ತಪ್ಪು ಇವಳದಾಗುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅತ್ತೆಯನ್ನು ಡಾಕ್ಟರ ಹತ್ತಿರ ಕರಕೊಂಡು ತಿರುಗಲು ಜನ ಬೇಕಲ್ಲ, ಶ್ರೇಯಾ ಅಂಧೇರಿಯ ಕೆಲಸ ಬಿಟ್ಟಳು. ಮಾಟುಂಗದಲ್ಲಿ ಯಾರದೋ ಮದುವೆಗೆ ಹೋದರೂ, "ಇವಳೇ ಅಲ್ವಾ ಮುಳ್ಳಿನ ಸಾರು ಮಾಡಿದವಳು?" ಎಂದು ಯಾರಾದರೂ ನಗಾಡುವವರೇ. ತಮಾಷೆಗೇ ಅನ್ನಿ, ಆದರೆ ಒಂದೇ ತಮಾಷೆಯನ್ನು ಎಷ್ಟು ವರ್ಷ ನಗುವುದು? ಸಾಲದ್ದಕ್ಕೆ ನೀಲಾವತಿ ಊರಿನ ದೈವಕ್ಕೆ ಹರಕೆ ಹೊತ್ತಿದ್ದರು: ಮುಳ್ಳು ಹೋಗುವವರೆಗೆ ಮೀನು ಮುಟ್ಟುವುದಿಲ್ಲ. ಅವರು ಮುಟ್ಟದ ಮೇಲೆ ಜೋಗೇಶ್ವರಿಯ ಆ ಒಂದೂವರೆ ಕೋಣೆಯಲ್ಲಿ ಬೇರೆ ಯಾರು ಮುಟ್ಟುವುದು? ಮಗ ಸುಕೇಶ್ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಹಗಲಿಡೀ ಸಾಂಬಾರಿನ ವಾಸನೆ ಕುಡಿದು ಮನೆಗೆ ಬಂದರೆ ಅಲ್ಲಿಯೂ ಸಾಂಬಾರು.

ಈ ಹಲ್ಲಿನ ಡಾಕ್ಟರಮ್ಮನ ಹತ್ತಿರ ಬಂದದ್ದು ದವಡೆ ಹಲ್ಲಿನ ನೋವಿಗೆ. ಅವಳು ಹಲ್ಲು ನೋಡುತ್ತಾ, "ಮೌಶಿ, ನುಂಗುವಾಗ ಕಿವಿ ನೋಯುತ್ತದಾ? ಕುತ್ತಿಗೆ ತಿರುಗಿಸಿದರೆ?" ಎಂದು ತಾನಾಗಿಯೇ ಕೇಳಿದ್ದಳು. ನೀಲಾವತಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಹೇಳುವ ಮೊದಲೇ ಕೇಳಿದ ಡಾಕ್ಟರನ್ನು ಅವರು ಕಂಡದ್ದು ಅದೇ ಮೊದಲು.

ಹಾಗೆ ಬೆರಳಿಟ್ಟು ನೋಡಿದ ಮೇಲೆ ತಲೆಯ ಸುತ್ತ ಮೆಷಿನು ತಿರುಗಿಸಿ ಫೋಟೋ ತೆಗೆದರು. ಡಾಕ್ಟರಮ್ಮ ಅದನ್ನು ಪರದೆಯ ಮೇಲೆ ತೋರಿಸಿದಳು. ಕಿವಿಯ ಕೆಳಗಿನಿಂದ ದವಡೆಯ ಹಿಂದೆ ಎರಡೂ ಕಡೆ ಉದ್ದಕ್ಕೆ ಏನೋ ಇಳಿದಿತ್ತು, ಹಿಡಿಸೂಡಿ ಪೊರಕೆಯ ಕಡ್ಡಿಯ ಹಾಗೆ. ಎಡಗಡೆಯದು ಇನ್ನಷ್ಟು ಉದ್ದ.

"ಮುಳ್ಳು!" ಎಂದರು ನೀಲಾವತಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಶ್ರೇಯಾಳಿಗೂ ಒಂದು ಗಳಿಗೆ ತನ್ನ ಸಾರಿನ ಮುಳ್ಳೇ ಒಳಗೆ ಬೆಳೆದು ಇಷ್ಟುದ್ದ ಆಗಿದೆ ಅನಿಸಿಬಿಟ್ಟಿತು. ಮುಳ್ಳು ಬೆಳೆಯುತ್ತದೆಯೇ? ಓದಿದ ಹುಡುಗಿ ಅವಳು. ಆದರೆ ಮೂರು ವರ್ಷ ಒಂದೇ ಮಾತು ಕಿವಿಗೆ ಬಿದ್ದರೆ ಓದಿದ್ದೆಲ್ಲ ಎಲ್ಲಿ ಉಳಿಯುತ್ತದೆ?

"ಕಾಂಟಾ ನಹೀ ಹೈ, ಮೌಶಿ," ಡಾಕ್ಟರಮ್ಮ ನಕ್ಕಳು. ಆಮೇಲೆ ಹಿಂದಿಯಲ್ಲಿ ನಿಧಾನಕ್ಕೆ ಹೇಳಿದಳು: ಇದು ಮುಳ್ಳಲ್ಲ, ನಿಮ್ಮದೇ ಮೂಳೆ. ಎಲ್ಲರಿಗೂ ಇರುತ್ತದೆ, ಚಿಕ್ಕದು. ನಿಮ್ಮದು ವರ್ಷಾನುಗಟ್ಟಲೆಯಿಂದ ಬೆಳೆಯುತ್ತಾ ಬಂದು ಗಂಟಲಿಗೆ, ನರಕ್ಕೆ ಒತ್ತುತ್ತಿದೆ. ಈಗಲ್ ಸಿಂಡ್ರೋಮ್ ಅನ್ನುತ್ತಾರೆ. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿ. ಬೇಕಾದರೆ ಆಪರೇಷನ್ ಮಾಡಿ ಕತ್ತರಿಸುತ್ತಾರೆ. ಪಕ್ಕದಲ್ಲೇ ರಕ್ತನಾಳ ಇದೆ, ಅವಸರ ಮಾಡುವ ಕೆಲಸ ಅಲ್ಲ.

"ಮೀನು ತಿಂದದ್ದರಿಂದ..." ಶ್ರೇಯಾ ನಡುವೆ ಬಾಯಿ ಹಾಕಿದಳು.

"ಮೀನಿಗೂ ಇದಕ್ಕೂ ಏನೂ ಸಂಬಂಧವಿಲ್ಲ."

ನೀಲಾವತಿಗೆ ಹಿಂದಿ ಚೆನ್ನಾಗಿ ಅರ್ಥವಾಗುತ್ತದೆ. ಅವರು ಸೆರಗು ಸರಿಮಾಡಿಕೊಂಡರು.

ಹೊರಗೆ ಬಂದು ಸ್ಟೇಷನ್ನಿನ ಸೇತುವೆಯ ಮೇಲೆ ಅವರು ನಿಂತುಬಿಟ್ಟರು. ಜನ ಇಕ್ಕೆಲದಲ್ಲಿ ನೂಕಿಕೊಂಡು ಹೋಗುತ್ತಿದ್ದರು. "ನನ್ನನ್ನು ಹುಚ್ಚಿ ಮಾಡಿದರಲ್ಲ ಮಾರಾಯ್ತಿ! ಮಾತ್ರೆ ಬೇರೆ ತಿನ್ನಿಸಿದರು! ಈಗ ಫೋಟೋ ಬಂತಲ್ಲ, ಈಗ ಎಂತ ಹೇಳುತ್ತಾರೆ?" ಎಂದು ಅಳುತ್ತಾ ನಗುತ್ತಾ ಸೊಸೆಯ ಕೈ ಹಿಡಿದುಕೊಂಡರು. ಶ್ರೇಯಾಳಿಗೂ ಕಣ್ಣು ತುಂಬಿತು, ನಿಜವಾಗಿ ಖುಷಿಯಾಯಿತು. ತನ್ನ ಸಾರಿನ ಬಗ್ಗೆ ಇನ್ನೊಂದು ಮಾತು ಬರುತ್ತದೆ ಎಂದು ಅವಳು ಕಾದಳು. ಸೇತುವೆ ಇಳಿದರು, ರಿಕ್ಷಾ ಹತ್ತಿದರು, ವಠಾರದಂಥ ತಮ್ಮ ಚಾಳಿನ ಮೆಟ್ಟಿಲು ಹತ್ತಿದರು. ಆ ಮಾತು ಬರಲಿಲ್ಲ.

ಸಾಲು ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಇಂದ್ರಾಬಾಯಿ, ಪಕ್ಕದ ಕೋಣೆಯ ವಿಜಯಪುರದಾಕೆ, ಕೇಳಿಯೇಬಿಟ್ಟಳು. "ಏನಂದ್ರರಿ ಡಾಕ್ಟರು?"

ನೀಲಾವತಿ ಡಾಕ್ಟರಮ್ಮ ಕೊಟ್ಟ ಫೋಟೋದ ಫಿಲ್ಮನ್ನು ಬಿಸಿಲಿಗೆ ಹಿಡಿದರು. "ನೋಡಿ, ಇಷ್ಟುದ್ದ ಉಂಟು."

"ಯವ್ವಾ! ಅಂದ್ರ ಅವತ್ತಿನ ಮುಳ್ಳು ಖರೇನ ಒಳಗ ಐತಿ ಅನ್ರಿ!"

ನೀಲಾವತಿ ಇಡೀ ಮೈ ತಿರುಗಿಸಿ ಸೊಸೆಯನ್ನು ಒಮ್ಮೆ ನೋಡಿದರು. "ಉಂಟು ಅಂತ ನಾನು ಮೊದಲಿಂದಲೇ ಹೇಳಿರಲಿಲ್ವಾ?" ಎಂದರು.

"ನಹೀ ಆಂಟಿ, ಅದು ಫಿಶ್‌ದು ಅಲ್ಲ... ಅದು ಅವರದ್ದು, ಮತ್ಲಬ್..." ಶ್ರೇಯಾಳ ಕನ್ನಡ ಬೇಕಾದಾಗಲೇ ಕೈಕೊಡುತ್ತಿತ್ತು.

"ಇರ್ಲಿ ಬಿಡ ತಂಗಿ," ಇಂದ್ರಾಬಾಯಿ ಅವಳ ಬೆನ್ನು ಸವರಿದಳು. "ಆಗಿನ್ನೂ ಸಣ್ಣಾಕಿ ಇದ್ದಿ. ಬೇಕಂತ ಮಾಡಿಯೇನು? ಯಾರೂ ಏನೂ ಅನ್ನಂಗಿಲ್ಲ."

ಮಾಡದ ತಪ್ಪಿಗೆ ಬೈಗುಳವನ್ನಾದರೂ ತಡೆದುಕೊಳ್ಳಬಹುದು. ಕ್ಷಮೆಯನ್ನು ತಡೆದುಕೊಳ್ಳುವುದು ಹೇಗೆ? ಸಂಜೆಯೊಳಗೆ ಗ್ಯಾಲರಿಗೆ ಗ್ಯಾಲರಿಯೇ ಫಿಲ್ಮು ನೋಡಿತು. ಸುಕೇಶನಿಗೆ ಫೋನು ಮಾಡಿದರೆ, "ಬಿಡು ಯಾರ್, ಅಮ್ಮ ಇವತ್ತು ಖುಷಿಯಲ್ಲಿದ್ದಾಳೆ. ನಿನಗೂ ನನಗೂ ಸತ್ಯ ಗೊತ್ತಲ್ಲ, ಸಾಕು," ಎಂದ.

"ನನಗೆ ಸಾಕಾಗಲ್ಲ ಸುಕೇಶ್. ನನಗೆ ಇಲ್ಲಿ ಉಸಿರು ಕಟ್ಟುತ್ತೆ," ಎಂದಳು ಶ್ರೇಯಾ. ಆ ಕಡೆ ಯಾರೋ ಬಿಲ್ ಕೇಳಿದರು, ಅವನು ಫೋನಿಟ್ಟ.

ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಹಲ್ಲಿನ ಡಾಕ್ಟರಮ್ಮ ಹೇಳಿದ್ದೇ ಸರಿ ಎಂದರು. ಆಪರೇಷನ್ನಿಗೆ ದೀಪಾವಳಿ ಕಳೆದ ಮೇಲೆ ಬನ್ನಿ, ಅಲ್ಲಿಯವರೆಗೆ ಮಾತ್ರೆ. ಅಂದರೆ ಅಲ್ಲಿಯವರೆಗೆ ಅದೇ ಕೋಣೆ, ಅದೇ ಸಾಂಬಾರು, ಆಪರೇಷನ್ ಆದ ಮೇಲೂ "ಸೊಸೆ ಹಾಕಿದ ಮುಳ್ಳು ತೆಗೆಸಿದರು" ಎಂಬ ಮಾತು. ತಾನು ಮುದುಕಿಯಾದ ಮೇಲೂ ಈ ಚಾಳಿನಲ್ಲಿ ಇದೇ ಮಾತು ಇರುತ್ತದೆ ಎಂದು ಶ್ರೇಯಾಳಿಗೆ ಖಾತ್ರಿಯಾಯಿತು.

ಭಾನುವಾರ ಬೆಳಿಗ್ಗೆ ಕೆಳಗೆ ಮೀನಿನ ಗಂಗುಬಾಯಿ ಕೂಗಿದಳು. ಶ್ರೇಯಾ ಚಪ್ಪಲಿ ಮೆಟ್ಟಿ ಇಳಿದುಹೋದಳು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಮೆಣಸು ಹುರಿದು, ಹುಣಸೆಹುಳಿ ಹಾಕಿ ಅರೆದು, ಬಂಗುಡೆ ಬಿಟ್ಟು ಕುದಿಸಿದಳು. ವಾಸನೆ ಗ್ಯಾಲರಿಯ ತುದಿಯವರೆಗೂ ಹೋಯಿತು. ರಜೆಯಲ್ಲಿದ್ದ ಸುಕೇಶ್ ಪೇಪರಿನ ಹಿಂದೆ ಅಡಗಿಕೊಂಡ.

"ಎಂತ ಅದು?" ನೀಲಾವತಿ ಮಂಚದಿಂದಲೇ ಕೇಳಿದರು.

"ಬಂಗುಡೆ."

"ನನಗೆ ಹರಕೆ ಉಂಟು ಅಂತ ಗೊತ್ತಿಲ್ವಾ ನಿನಗೆ?"

ಶ್ರೇಯಾ ಸೌಟು ಕೆಳಗಿಟ್ಟಳು. ಈ ಮಾತನ್ನು ಅವಳು ಕನ್ನಡದಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು. "ಮುಳ್ಳು ಹೋಗುವವರೆಗೆ ಅಂತ ಅಲ್ವಾ ಹರಕೆ, ಅತ್ತೆ? ಮುಳ್ಳೇ ಇರಲಿಲ್ಲವಲ್ಲ."

ಸುಕೇಶನ ಪೇಪರು ಅಲ್ಲಾಡಲಿಲ್ಲ. ನೀಲಾವತಿ ಗೋಡೆ ನೋಡುತ್ತಾ ಕೂತರು. ಅವರ ಕಷ್ಟವೂ ಕಷ್ಟವೇ. ತಿಂದರೆ ಚಾಳಿಗೆಲ್ಲ ಹೇಳಿದ ಮಾತು ಸುಳ್ಳಾಗುತ್ತದೆ. ತಿನ್ನದಿದ್ದರೆ ಇಲ್ಲದ ಮುಳ್ಳಿನ ಹೆಸರಲ್ಲಿ ದೈವಕ್ಕೇ ಸುಳ್ಳು ಹೇಳಿದ ಹಾಗೆ. ಶ್ರೇಯಾ ಗಂಡನಿಗೆ ಬಡಿಸಿದಳು, ತನಗೂ ಬಡಿಸಿಕೊಂಡಳು. ಅತ್ತೆಯ ತಟ್ಟೆಗೆ ಅನ್ನ ಮಾತ್ರ ಹಾಕಿ, ಸಾಂಬಾರಿನ ಪಾತ್ರೆ ಪಕ್ಕದಲ್ಲಿಟ್ಟಳು.

ವಾಸನೆ ಹಿಡಿದು ಇಂದ್ರಾಬಾಯಿ ಬಾಗಿಲಿಗೆ ಬಂದಳು. "ಇದೇನ್ರೀ, ಮೀನು? ಹರಕಿ ಇತ್ತಲ್ಲ ನಿಮ್ದು?"

ನೀಲಾವತಿ ಸಾಂಬಾರಿನ ಪಾತ್ರೆಯನ್ನು ಆಚೆ ಸರಿಸಿ ತಟ್ಟೆ ಮುಂದೆ ಚಾಚಿದರು. "ಒಂದು ತುಂಡು ಹಾಕು," ಎಂದರು. ಶ್ರೇಯಾ ಹಾಕಿದಳು. ಅವರು ಬೆರಳ ತುದಿಯಲ್ಲಿ ಮೀನು ಬಿಡಿಸಿ, ಅನ್ನಕ್ಕೆ ಕಲಸಿ ಬಾಯಿಗಿಟ್ಟು ನುಂಗಿದರು. ಮುಖ ಕಿವುಚಿತು, ಕೈ ತಾನಾಗಿ ಕಿವಿಯ ಕೆಳಗೆ ಹೋಯಿತು.

"ಮತ್ತ ಮುಳ್ಳು ಸಿಕ್ತೇನ್ರಿ?" ಇಂದ್ರಾಬಾಯಿ ಗಾಬರಿಯಾಗಿ ಒಳಗೇ ಬಂದಳು.

ನೀಲಾವತಿ ನೋವು ಇಳಿಯುವವರೆಗೆ ಕಣ್ಣು ಮುಚ್ಚಿದ್ದರು. ಆಮೇಲೆ ತಲೆಯಾಡಿಸಲಾಗದೆ ಕೈಯಾಡಿಸಿದರು. "ಮೀನಿಂದಲ್ಲ. ಇದು ನನ್ನದೇ," ಎಂದರು. "ಮೊದಲಿಂದಲೂ ನನ್ನದೇ."

ಇಂದ್ರಾಬಾಯಿ ಅತ್ತೆಯನ್ನೂ ಸೊಸೆಯನ್ನೂ ನೋಡಿದಳು. ನೀಲಾವತಿ ಎಡಕ್ಕೆ ಇಡೀ ಮೈ ತಿರುಗಿಸಿ, ತಟ್ಟೆಯನ್ನು ಮತ್ತೆ ಸೊಸೆಯ ಕಡೆ ನೂಕಿದರು. ಶ್ರೇಯಾ ಇನ್ನೊಂದು ಬಂಗುಡೆ ಎತ್ತಿಕೊಂಡು, ತಲೆಯ ಕಡೆಯಿಂದ ಮೆಲ್ಲಗೆ ಎಳೆದಳು. ನಡುವಿನ ಮುಳ್ಳು ತುಂಡಾಗದೆ ಇಡಿಯಾಗಿ ಬಂತು. ಅದನ್ನು ತನ್ನ ತಟ್ಟೆಯ ಅಂಚಿಗೆ ಇಟ್ಟು, ಮೀನನ್ನು ಅತ್ತೆಗೆ ಬಡಿಸಿದಳು.