ಹದಿನೆಂಟನೇ ನಿಮಿಷದ ಪೀಕ್

ಟ್ರಿಪ್ಟಮೀನ್ ಎಂಬ ರಾಸಾಯನಿಕಗಳ ಜಾತಿಗೆ ಸೇರಿದ ಆ ಬಿಳಿ ಪುಡಿಯ ಬಗ್ಗೆ ಜಗತ್ತಿನಲ್ಲಿ ಇದ್ದದ್ದೇ ಒಂದೂವರೆ ಪುಟದ ಮಾಹಿತಿ. ಯಾರೋ ಪುಣ್ಯಾತ್ಮರು ಅದನ್ನು ಕೃತಕವಾಗಿ ತಯಾರಿಸಿ, ಬಾಯಲ್ಲಿ ನಿಲ್ಲದ ಹೆಸರಿಟ್ಟು ಮರೆತುಬಿಟ್ಟಿದ್ದರು. ಅದೆಷ್ಟು ಶುದ್ಧ ಎಂದು ಹೇಳುವ ಕೆಲಸ 2008ರಲ್ಲಿ ನನ್ನ ಪಾಲಿಗೆ ಬಂತು. ಮ್ಯಾಕ್ವೆರಿ ಪಾರ್ಕಿನ ಲ್ಯಾಬಿನಲ್ಲಿ ನಾನಿನ್ನೂ ಪ್ರೊಬೇಷನ್ ಮೇಲಿದ್ದೆ. ಈ ವರದಿ ಸರಿಹೋದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಪುಡಿ ಕರಗಿಸಿ ಕೊಟ್ಟರೆ ಮೆಷಿನ್ ಒಂದು ಗ್ರಾಫ್ ಬರೆಯುತ್ತದೆ; ಪುಡಿ ಶುದ್ಧವಿದ್ದರೆ ಅದರಲ್ಲಿ ಒಂದೇ ಪೀಕ್, ಒಂದೇ ಶಿಖರ ಇರಬೇಕಿತ್ತು. ಹದಿನೆಂಟನೇ ನಿಮಿಷದಲ್ಲಿ ಇನ್ನೊಂದು ತಲೆಯೆತ್ತಿತು. ಯಾರೂ ಕಾಣದ ಕಲ್ಮಶ ನನಗೆ ಸಿಕ್ಕಿತೆಂದು ಹಿಗ್ಗೋ ಹಿಗ್ಗು! ನಾಲ್ಕು ಪುಟ ಬರೆದು ಮೆಲ್ಬರ್ನ್ ಶಾಖೆಯ ಹಿರಿಯ ಪರಿಶೀಲಕಿ, ಮಂಗಳೂರಿನ ಇಡಾ ಮೇಡಂಗೆ ಕಳಿಸಿದೆ. ಮರುದಿನವೇ ಫೋನ್.

"ವೇದಾವತಿ, ಎಂತ ಮಾರಾಯ್ತಿ ಇದು? ಅದೇ ಪುಡಿ ಇಲ್ಲಿಯೂ ಉಂಟು. ನಮಗೆ ಎಂತದೂ ಕಾಣುವುದಿಲ್ಲ."

"ನಿಮ್ ಮೆಷಿನ್ ಸರ್ವಿಸ್ ಮಾಡ್ಸಿ ಮೇಡಂ," ಅಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಫೋನಿಟ್ಟು ತಕ್ಕಡಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ತಕ್ಕಡಿಗೆ ಅರಿಶಿನ, ಕುಂಕುಮ. ಪುಡಿ ತೆಗೆಯುವ ಪುಟ್ಟ ಚಮಚದ ಹಿಡಿಗೂ! ಮೂರು ದಿನದ ಹಿಂದೆ ಆಯುಧಪೂಜೆಯಂದು, ಎಲ್ಲರೂ ಊಟಕ್ಕೆ ಹೋದಾಗ ಭಕ್ತಿಯಿಂದ ನಾನೇ ಹಚ್ಚಿದ್ದು. ಲ್ಯಾಬಿನವರು ಅದನ್ನು ಸರ್ವಿಸ್‌ನವರ ಗುರುತು ಅಂದುಕೊಂಡಿದ್ದರಂತೆ.

ಎಪ್ಪಿಂಗ್‌ನ ನನ್ನ ಮನೆಯಿಂದ ಚಿಟಿಕೆ ಅರಿಶಿನ ತಂದು ಕರಗಿಸಿ ಮೆಷಿನ್ನಿಗೆ ಕೊಟ್ಟೆ. ಹದಿನೆಂಟನೇ ನಿಮಿಷ, ಸರಿಯಾಗಿ ಅಲ್ಲೇ.

ಮೆಷಿನ್ ಕೆಟ್ಟಿತ್ತು ಅಂದಿದ್ದರೆ ಕಥೆ ಮುಗಿಯುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಪಾಪದ ಮೆಷಿನ್. ಪೂಜೆ ಮಾಡಿದ ಕೈಯಲ್ಲೇ ಅದರ ಮೇಲೆ ಗೂಬೆ ಕೂರಿಸಲು ಮನಸ್ಸು ಬರಲಿಲ್ಲ. ಎರಡೂ ಗ್ರಾಫ್ ಜೋಡಿಸಿ, ನಡೆದದ್ದನ್ನೆಲ್ಲ ಬರೆದು ಮೆಲ್ಬರ್ನ್‌ಗೆ ಕಳಿಸಿದೆ. ನಾಚಿಕೆಯಿಂದ ಸತ್ತೇ ಹೋಗಿದ್ದೆ.

ಇಡಾ ಮೇಡಂ ಫೋನಿನಲ್ಲಿ ಬಿದ್ದು ಬಿದ್ದು ನಕ್ಕರು. "ಹೊಸದಾಗಿ ಪರೀಕ್ಷೆ ಮಾಡಿ ಕಳಿಸು. ಚಮಚ ತೊಳಿ ಆಯ್ತಾ?" ಎಂದು ಇಟ್ಟುಬಿಟ್ಟರು. ಕೆಲಸದ ಸುದ್ದಿಯೇ ಎತ್ತಲಿಲ್ಲ. ಚಮಚ, ತಕ್ಕಡಿ ತೊಳೆದೊರೆಸಿ ಮತ್ತೆ ಪರೀಕ್ಷಿಸಿದೆ; ಈ ಸಲ ಒಂದೇ ಪೀಕ್. ಹೊಸ ವರದಿ ಕಳಿಸಿ ವಾರವಿಡೀ ಉತ್ತರಕ್ಕೆ ಕಾದೆ.

ಸೋಮವಾರ ಗೋಡೆಗೆ ಹೊಸ ನಿಯಮ ಬಂತು: ಯಾವ ಉಪಕರಣಕ್ಕೂ ಅರಿಶಿನ, ಕುಂಕುಮ ಹಚ್ಚಬಾರದು, ಪೂಜೆ ಏನಿದ್ದರೂ ಬಾಗಿಲ ಹೊರಗೆ. ಮುಖ ಮುಚ್ಚಿಕೊಂಡು ಓಡಬೇಕೆನ್ನಿಸಿತು. ಅಷ್ಟರಲ್ಲಿ ಕೊನೆಯ ಸಾಲು ಕಣ್ಣಿಗೆ ಬಿತ್ತು: "ಹೊಸಬರಿಗೆ ಈ ನಿಯಮ ಕಲಿಸುವವರು: ವೇದಾವತಿ, ಖಾಯಂ ಸಿಬ್ಬಂದಿ."